ಎತ್ತಿನ ಬೆನ್ನೇರಿದ ಮನೆ: ಸಂತ ಸೇವಾಲಾಲರ ಬದುಕಿನ ಹಾದಿ

ಶಿವಮೊಗ್ಗ ನಗರದಿಂದ ಸವಳಂಗ ರಸ್ತೆ ಹಿಡಿದು ಹೊರಟವರಿಗೆ ಮಲೆನಾಡು ನಿಧಾನವಾಗಿ ಹಿಂದೆ ಸರಿದು ಬಯಲುಸೀಮೆ ಎದುರಾಗುವ ಅನುಭವವಾಗುತ್ತದೆ. ಈ ಎರಡು ಸೀಮೆಗಳ ಅಂಚಿನಲ್ಲಿರುವ ಊರು ಸವಳಂಗ. ಒಂದು ಕಾಲಕ್ಕೆ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿದ್ದ ಈ ಭಾಗ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಈಗ ಅದು ನ್ಯಾಮತಿ ತಾಲ್ಲೂಕಿಗೆ ಒಳಪಟ್ಟಿದೆ. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಪುಣ್ಯಕ್ಷೇತ್ರ. ಭಾಯಾಗಡ ಎಂದೂ ಕರೆಯಲ್ಪಡುವ ಈ ಸ್ಥಳದಲ್ಲಿ ಪ್ರತಿ ವರ್ಷ ಫೆಬ್ರವರಿಯ ನಡುಭಾಗದಲ್ಲಿ ಸಂತ ಸೇವಾಲಾಲರ ಜಯಂತಿ ನಡೆಯುತ್ತದೆ. ರಾಜ್ಯದ ಮೂಲೆಮೂಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಸಾವಿರಾರು ಭಕ್ತರು ಬರುತ್ತಾರೆ. ಮಾಲಾಧಾರಿಗಳಲ್ಲಿ ಅನೇಕರು ಕಾಲ್ನಡಿಗೆಯಲ್ಲೇ ಈ ಕ್ಷೇತ್ರವನ್ನು ತಲುಪುತ್ತಾರೆ.

ಸೇವಾಲಾಲರನ್ನು ಸಂತರೆಂದು, ಸಮಾಜ ಸುಧಾರಕರೆಂದು, ಗೋಪಾಲಕರೆಂದು ಸ್ಮರಿಸುವುದು ವಾಡಿಕೆ. ಆದರೆ ಅವರ ಬದುಕಿನ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರು ಹುಟ್ಟಿ ಬೆಳೆದದ್ದು ಗೋಡೆಯಿಲ್ಲದ, ಅಡಿಪಾಯವಿಲ್ಲದ, ದಿನದಿನವೂ ಬಿಚ್ಚಿ ಮತ್ತೆ ಕಟ್ಟಬೇಕಾಗಿದ್ದ ಮನೆಯಲ್ಲಿ. ಆ ಮನೆ ಎತ್ತಿನ ಬೆನ್ನ ಮೇಲೆ ಸಾಗುತ್ತಿತ್ತು. ಅದರಲ್ಲಿ ಯಾವ ವಸ್ತು ಇರಬೇಕು, ಎಲ್ಲಿ ಇರಬೇಕು, ಅದರ ಬೆಲೆ ಎಷ್ಟು ಎಂಬ ಪ್ರಶ್ನೆಗಳು ಆ ಸಮುದಾಯದ ಬದುಕನ್ನೇ ರೂಪಿಸಿದ್ದವು. ಇಂದು ಹಳೆಯ ಕ್ಯಾಂಪರ್ ವ್ಯಾನ್ ಕೊಳ್ಳಲು ಹೊರಟವರು ಮಲಗುವ ಜಾಗ ಎಲ್ಲಿ, ಒಲೆ ಎಲ್ಲಿ, ಬೆಲೆ ಎಷ್ಟು ಎಂದು ಕೇಳುವ ಪ್ರಶ್ನೆಗಳಿಗೂ ಆ ಪ್ರಶ್ನೆಗಳಿಗೂ ಹತ್ತಿರದ ನಂಟಿದೆ. ವ್ಯಾನ್ ಎಂಬ ಪದವೇ ಕಾರವಾನ್ ಎಂಬುದರ ಮೊಟಕು ರೂಪ. ಕಾರವಾನ್ ಪರ್ಷಿಯನ್ ಮೂಲದ ಪದವಾಗಿದ್ದು, ಸರಕು ಹೊತ್ತು ಒಟ್ಟಾಗಿ ಸಾಗುವ ವರ್ತಕರ ತಂಡವೆಂಬುದು ಅದರ ಅರ್ಥ. ನಮ್ಮ ನಾಡಿನಲ್ಲಿ ಅಂತಹ ತಂಡಕ್ಕಿದ್ದ ಹೆಸರು ತಾಂಡಾ.

ತಾಂಡಾದಲ್ಲಿ ಜನನ

ಸಮುದಾಯದ ನಂಬಿಕೆಯಂತೆ ಸೇವಾಲಾಲರು ಜನಿಸಿದ್ದು 1739ರ ಫೆಬ್ರವರಿ 15ರಂದು. ತಂದೆ ಭೀಮಾ ನಾಯಕ, ತಾಯಿ ಧರ್ಮಿಣಿ. ಸೂರಗೊಂಡನಕೊಪ್ಪವೇ ಅವರ ಜನ್ಮಸ್ಥಳವೆಂದು ಕರ್ನಾಟಕದ ಬಂಜಾರರು ನಂಬಿದ್ದಾರೆ. ಆಂಧ್ರದ ಗುತ್ತಿ ಸೀಮೆಯೇ ಜನ್ಮಸ್ಥಳವೆನ್ನುವ ಸಂಪ್ರದಾಯವೂ ಉಂಟು. ಒಂದೆಡೆ ನೆಲೆ ನಿಲ್ಲದೆ ಸಂಚರಿಸುತ್ತಿದ್ದ ಸಮುದಾಯದ ಮಹಾಪುರುಷನೊಬ್ಬನನ್ನು ಎರಡು ಸೀಮೆಗಳು ತಮ್ಮವನೆಂದು ಹೇಳಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ಆಗ ಮಲೆನಾಡಿನಲ್ಲಿ ಕೆಳದಿಯ ಅರಸರ ಆಳ್ವಿಕೆಯಿತ್ತು. ಚಿತ್ರದುರ್ಗದಲ್ಲಿ ಪಾಳೆಯಗಾರರು, ಹೈದರಾಬಾದಿನಲ್ಲಿ ನಿಜಾಮರು, ಉತ್ತರದಲ್ಲಿ ಮರಾಠರು ಬಲವಾಗಿದ್ದರು. ಈ ಎಲ್ಲ ರಾಜ್ಯಗಳ ಗಡಿಗಳನ್ನು ದಾಟಿ ಧಾನ್ಯ, ಉಪ್ಪು ಮುಂತಾದ ಸರಕುಗಳನ್ನು ಸಾಗಿಸುತ್ತಿದ್ದವರು ಬಂಜಾರರು. ಬಂಜಾರ ಎಂಬ ಹೆಸರಿಗೆ ವಾಣಿಜ್ಯವೆಂಬ ಅರ್ಥದ ಸಂಸ್ಕೃತ ಪದ ಮೂಲವೆಂದೂ, ಲಂಬಾಣಿ ಎಂಬುದಕ್ಕೆ ಲವಣವೇ ಮೂಲವೆಂದೂ ವಿದ್ವಾಂಸರು ಹೇಳುವುದುಂಟು. ಗಾಡಿಯ ಚಕ್ರ ಉರುಳಲಾರದ ಘಟ್ಟದ ಕಡಿದಾದ ದಾರಿಗಳಲ್ಲಿ ಹೇರಿನ ಎತ್ತೊಂದೇ ಗತಿಯಾಗಿದ್ದ ಕಾಲವದು. ಹೀಗಾಗಿ ಮಲೆನಾಡಿಗೂ ಬಯಲುಸೀಮೆಗೂ ನಡುವಣ ಇಂತಹ ಅಂಚಿನ ಪ್ರದೇಶಗಳು ತಾಂಡಾಗಳ ಸಂಚಾರಕ್ಕೆ ಸಹಜ ಹಾದಿಗಳಾಗಿದ್ದವು.

ಭೀಮಾ ನಾಯಕರು ದೊಡ್ಡ ಗೋಸಂಪತ್ತಿನ ಒಡೆಯರಾಗಿದ್ದರೆಂದೂ, ಅನೇಕ ತಾಂಡಾಗಳು ಅವರ ಮುಖಂಡತ್ವವನ್ನು ಒಪ್ಪಿಕೊಂಡಿದ್ದವೆಂದೂ ಮೌಖಿಕ ಪರಂಪರೆ ಹೇಳುತ್ತದೆ. ತಾಂಡಾದ ಆಡಳಿತದಲ್ಲಿ ನಾಯಕ, ಡಾವ, ಕಾರಭಾರಿ ಎಂಬ ಮೂವರ ಪಾತ್ರ ಹಿರಿದು. ಅಂತಹ ನಾಯಕನ ಮನೆಯಲ್ಲಿ ಹುಟ್ಟಿದ ಬಾಲಕ ಸೇವಾಲಾಲ ಕಲಿತ ಮೊದಲ ವಿದ್ಯೆ ದನ ಕಾಯುವುದು.

ಚಲಿಸುವ ಮನೆಯ ಒಳವಿನ್ಯಾಸ

ಸೇವಾಲಾಲರು ಹುಟ್ಟುವುದಕ್ಕೆ ನೂರು ವರ್ಷಗಳಷ್ಟು ಮುಂಚೆ, 1632ರಲ್ಲಿ, ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಉತ್ತರ ಭಾರತದಲ್ಲಿ ಬಂಜಾರರ ತಾಂಡಾವೊಂದನ್ನು ಕಂಡು ವರ್ಣಿಸಿದ್ದಾನೆ. ಅದರಲ್ಲಿ ಧಾನ್ಯ ಹೊತ್ತ 14,000 ಎತ್ತುಗಳಿದ್ದವು. ಅವನ ಬರವಣಿಗೆಯಂತೆ ಒಂದು ತಾಂಡಾದಲ್ಲಿ 600ರಿಂದ 700 ಜನರಿರುತ್ತಿದ್ದರು. ಹೆಂಡತಿ ಮಕ್ಕಳು, ಪಾತ್ರೆಪಡಗ ಎಲ್ಲವೂ ಜೊತೆಯಲ್ಲೇ ಸಾಗುತ್ತಿದ್ದವು. ಎತ್ತುಗಳು ಅವರ ಸ್ವಂತದ್ದು. ದಿನಕ್ಕೆ ಸಾಗುತ್ತಿದ್ದುದು 6ರಿಂದ 7 ಮೈಲಿ, ಅಂದರೆ ಸುಮಾರು 10 ಕಿಲೋಮೀಟರ್ ಮಾತ್ರ. ಅದೇ ಶತಮಾನದ ಫ್ರೆಂಚ್ ವರ್ತಕ ತವೆರ್ನಿಯೆ, ಬಂಜಾರರಲ್ಲಿ ನಾಲ್ಕು ಪಂಗಡಗಳಿದ್ದು ಅವು ಕ್ರಮವಾಗಿ ಧಾನ್ಯ, ಅಕ್ಕಿ, ಬೇಳೆಕಾಳು ಮತ್ತು ಉಪ್ಪನ್ನು ಮಾತ್ರ ಸಾಗಿಸುತ್ತಿದ್ದವೆಂದು ದಾಖಲಿಸಿದ್ದಾನೆ.

ಈ ಮನೆಯ ಮೂಲ ಘಟಕ ಗೋಣಿ. ಎತ್ತಿನ ಬೆನ್ನಿನ ಎರಡೂ ಬದಿಗೆ ಸಮತೂಕದಲ್ಲಿ ಇಳಿಬಿಡುವ ಜೋಡಿ ಚೀಲವದು. ಇಂಗ್ಲಿಷಿನ ಗನ್ನಿ ಎಂಬ ಪದಕ್ಕೂ ಇದೇ ಮೂಲ. ಹಗಲು ಹೊರೆಯಾಗಿರುತ್ತಿದ್ದ ಗೋಣಿ ಸಂಜೆ ಬಿಡಾರ ಹೂಡಿದೊಡನೆ ಗೋಡೆಯಾಗುತ್ತಿತ್ತು. ಇಳಿಸಿದ ಚೀಲಗಳನ್ನು ಸಾಲಾಗಿ ಒಟ್ಟಿ, ಅವುಗಳ ಮೇಲಿನಿಂದ ಬಟ್ಟೆಯನ್ನೋ ಕಂಬಳಿಯನ್ನೋ ಎಳೆದು ಕಟ್ಟಿದರೆ ಸೂರು ಸಿದ್ಧ. ಸುತ್ತಲೂ ಎತ್ತುಗಳನ್ನು ಕಟ್ಟಿ, ನಾಯಿಗಳನ್ನು ಬಿಟ್ಟರೆ ಕೋಟೆ ಸಿದ್ಧ. ಸರಕೇ ಮನೆ, ಮನೆಯೇ ಸರಕು ಎಂಬಂತಹ ಈ ವ್ಯವಸ್ಥೆಯಲ್ಲಿ ಒಂದೇ ವಸ್ತು ಎರಡು ಮೂರು ಕೆಲಸಗಳಿಗೆ ಒದಗುತ್ತಿತ್ತು.

ಒಳಾಂಗಣದ ಉಳಿದ ಭಾಗವನ್ನು ರೂಪಿಸಿದವರು ಹೆಣ್ಣುಮಕ್ಕಳು. ಕಪಾಟಿನ ಬದಲಿಗೆ ಕಸೂತಿಯ ಚೀಲ, ಹಾಸಿಗೆಯ ಬದಲಿಗೆ ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹೊಲಿದ ಕೌದಿ, ನೀರಿನ ಕೊಡ ತಲೆಯ ಮೇಲೆ ಅಲುಗದೆ ನಿಲ್ಲಲು ಕವಡೆ ಕೂರಿಸಿದ ಸಿಂಬಿ. ಮುಂದಾಳು ಎತ್ತಿಗೆ ಕನ್ನಡಿ ಕವಡೆಗಳ ಅಲಂಕಾರ, ಕೊರಳಿಗೆ ಗಂಟೆ. ಗಂಟೆಯ ನಾದ ಹಿಂದಿನವರಿಗೆ ದಾರಿ ತೋರುವ ಸಂಕೇತವೂ ಆಗಿತ್ತು. ಮಡಚಲಾಗದ ವಸ್ತುವಿಗೆ ಈ ಮನೆಯಲ್ಲಿ ಜಾಗವಿರಲಿಲ್ಲ. ಇಂದು ಲಂಬಾಣಿ ಕಸೂತಿಯೆಂದು ನಗರಗಳ ಮಳಿಗೆಗಳಲ್ಲಿ ಮಾರಾಟವಾಗುವ ಕಲೆಯ ಬಹುಭಾಗ ಮೂಲತಃ ಇಂತಹ ಚಲಿಸುವ ಮನೆಯ ಪೀಠೋಪಕರಣವೇ ಆಗಿತ್ತೆಂಬುದು ಗಮನಾರ್ಹ.

ಬೆಲೆಯ ಲೆಕ್ಕ

ಬಂಜಾರರ ಸಾಗಣೆ ನಿಧಾನವಾಗಿತ್ತು, ಆದರೆ ಅಗ್ಗವಾಗಿತ್ತು. ಅಗ್ಗವಾಗಿದ್ದುದಕ್ಕೆ ಕಾರಣ ಹುಲ್ಲು. ದಾರಿಯುದ್ದಕ್ಕೂ ಮೇಯುತ್ತ ಸಾಗುವ ಎತ್ತಿಗೆ ಮೇವಿನ ಖರ್ಚಿಲ್ಲ. ಬಿಡಾರಕ್ಕೆ ಬಾಡಿಗೆಯಿಲ್ಲ. ಕೂಲಿಯವರನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ, ಹೇರು ಏರಿಸಿ ಇಳಿಸಲು ಮನೆಮಂದಿಯೇ ಸಾಕು. ದಿನಕ್ಕೆ ಹತ್ತು ಕಿಲೋಮೀಟರ್ ಎಂಬ ವೇಗ ಸೋಮಾರಿತನದ ಫಲವಲ್ಲ. ಅದು ಎತ್ತಿನ ಹೊಟ್ಟೆ ತುಂಬುವ ವೇಗ. ಮಳೆಗಾಲದಲ್ಲಿ ಹಾದಿ ಕೆಸರಾದಾಗ ಹುಲ್ಲು ನೀರು ಇರುವೆಡೆ ತಾಂಡಾ ತಂಗುತ್ತಿತ್ತು.

ಆದರೆ ಈ ಲೆಕ್ಕದ ಇನ್ನೊಂದು ಬದಿ ಕಠಿಣವಾಗಿತ್ತು. ಮನೆಗೆ ಸೇರಿದ ಪ್ರತಿಯೊಂದು ಅನಗತ್ಯ ವಸ್ತುವೂ ಮಾರಬಹುದಾದ ಅಷ್ಟೇ ತೂಕದ ಧಾನ್ಯದ ಜಾಗವನ್ನು ಕಬಳಿಸುತ್ತಿತ್ತು. ಬೆಳಗಾದರೆ ಪ್ರತಿ ಹೊರೆಯನ್ನೂ ಮನುಷ್ಯರೇ ಎತ್ತಿ ಹೇರಬೇಕು. ಜಾನುವಾರಿಗೆ ರೋಗ ಬಂದರೆ, ಮಳೆ ತಪ್ಪಿ ಹುಲ್ಲು ಒಣಗಿದರೆ, ಆಳುವವರು ದಾರಿ ತಡೆದರೆ ಸರಕಿನೊಂದಿಗೆ ಮನೆಯೂ ಹೋಗುತ್ತಿತ್ತು. ಎಷ್ಟು ಹೊರಬೇಕು, ಏನನ್ನು ಬಿಡಬೇಕು ಎಂಬ ವಿವೇಕ ತಾಂಡಾದಲ್ಲಿ ಬದುಕಿನ ಮೂಲ ಪಾಠವಾಗಿತ್ತು. ಸೇವಾಲಾಲರ ಬೋಧನೆಗಳನ್ನು ಅರಿಯಲು ಈ ಹಿನ್ನೆಲೆ ಅವಶ್ಯ.

ಸೇವಾಲಾಲರ ಆಯ್ಕೆ

ಬಾಲಕ ಸೇವಾಲಾಲನನ್ನು ಜಗದಂಬೆ ತನ್ನ ಸೇವೆಗೆ ಬೇಡಿದಳೆಂದೂ, ತಾಯಿ ಧರ್ಮಿಣಿ ಮಗನನ್ನು ಬಿಟ್ಟುಕೊಡಲು ಒಪ್ಪಲಿಲ್ಲವೆಂದೂ, ತಾಂಡಾ ಸಂಕಟಕ್ಕೆ ಸಿಲುಕಿದ ಮೇಲೆ ಆತ ದೇವಿಯ ಸೇವೆಯನ್ನು ಒಪ್ಪಿಕೊಂಡನೆಂದೂ ಪ್ರಚಲಿತ ಕಥನಗಳು ಹೇಳುತ್ತವೆ. ಕೆಸರಿನ ಮಣ್ಣು ಸಿಹಿ ಪ್ರಸಾದವಾದ ಕಥೆ, ಕಂಚಿನ ತಟ್ಟೆ ನಗಾರಿಯಂತೆ ಮೊಳಗಿದ ಕಥೆ ತಾಂಡಾದ ಹಾಡುಗಳಲ್ಲಿ ಇಂದಿಗೂ ಜೀವಂತವಾಗಿವೆ. ತೋಳಾರಾಮನೆಂಬ ಕುದುರೆ, ಗರಾಸಿಯಾ ಎಂಬ ಹೋರಿ ಅವರ ಸಂಗಾತಿಗಳಾಗಿದ್ದವೆಂದು ಭಕ್ತರು ಸ್ಮರಿಸುತ್ತಾರೆ. ಪವಾಡಗಳನ್ನು ನಂಬುವವರಿಗೂ ನಂಬದವರಿಗೂ ಈ ಕಥೆಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರಸಾದಕ್ಕೆ ಮಣ್ಣು, ನಗಾರಿಗೆ ತಟ್ಟೆ, ಜೊತೆಗೆ ಒಂದು ಕುದುರೆ, ಒಂದು ಹೋರಿ: ಅಲೆಮಾರಿಯ ಕೈಗೆ ಎಟುಕುವ ವಸ್ತುಗಳೇ ಅವರ ಮಹಿಮೆಯ ಸಾಧನಗಳಾಗಿವೆ.

ಸೇವಾಲಾಲರು ವಿವಾಹವಾಗಲಿಲ್ಲ. ಕುಟುಂಬದ ಹೊಣೆಗೆ ಬದಲಾಗಿ ತಾಂಡಾಗಳ ಹೊಣೆಯನ್ನು ಹೊತ್ತರು. ದಕ್ಷಿಣದಿಂದ ಹೈದರಾಬಾದ್ ಸೀಮೆಯವರೆಗೆ, ಅಲ್ಲಿಂದ ವಿದರ್ಭದವರೆಗೆ ಅವರ ಸಂಚಾರ ಹಬ್ಬಿತ್ತೆಂದು ಪರಂಪರೆ ಹೇಳುತ್ತದೆ. ಕಳವು ಮಾಡಬಾರದು, ಸುಳ್ಳು ಹೇಳಬಾರದು, ಮದ್ಯದಿಂದ ದೂರವಿರಬೇಕು, ಗೋವನ್ನು ರಕ್ಷಿಸಬೇಕು, ಪ್ರಾಣಿಬಲಿ ಕೊಡಬಾರದು, ಯಾವುದನ್ನೂ ಪರೀಕ್ಷಿಸಿ ತಿಳಿದ ಬಳಿಕವೇ ಒಪ್ಪಬೇಕು ಎಂಬುದು ಅವರ ಉಪದೇಶಗಳ ಸಾರ. ಅಪರಿಚಿತ ಊರುಗಳ ಧಾನ್ಯವನ್ನು ಹೊತ್ತು ಸಾಗುವ ಜನರಿಗೆ ಪ್ರಾಮಾಣಿಕತೆ ಕೇವಲ ಧರ್ಮವಲ್ಲ, ಅದೇ ಬಂಡವಾಳ. ನಂಬಿಕೆ ಕಳೆದುಕೊಂಡ ತಾಂಡಾಕ್ಕೆ ಮರುವರ್ಷ ಸರಕು ಕೊಡುವವರಿರಲಿಲ್ಲ.

ಅವರ ಹೆಸರಿನಲ್ಲಿ ಉಳಿದುಬಂದಿರುವ ಭವಿಷ್ಯವಾಣಿಗಳಲ್ಲಿ ಬೆಲೆಯ ಮಾತು ಮತ್ತೆ ಮತ್ತೆ ಬರುತ್ತದೆ. ಮುಂದೊಂದು ದಿನ ನೀರನ್ನು ಬಟ್ಟಲಿನ ಲೆಕ್ಕದಲ್ಲಿ ಹಣಕ್ಕೆ ಮಾರುವರೆಂದೂ, ರೂಪಾಯಿಗೆ ಎಣಿಸಿ ಕೊಡುವಷ್ಟು ಕಡಲೆಕಾಳು ಸಿಗುವ ಕಾಲ ಬರುವುದೆಂದೂ ಅವರು ಎಚ್ಚರಿಸಿದ್ದರಂತೆ. ದಾರಿಯ ಹಳ್ಳದ ನೀರು, ಬಯಲಿನ ಹುಲ್ಲು ಎರಡೂ ಬೆಲೆಯಿಲ್ಲದೆ ದೊರೆಯುತ್ತಿದ್ದುದರ ಮೇಲೆಯೇ ನಿಂತಿದ್ದ ಬದುಕಿಗೆ ಇದಕ್ಕಿಂತ ದೊಡ್ಡ ಭಯ ಮತ್ತೊಂದಿರಲಿಲ್ಲ.

ಯುದ್ಧಗಳ ನಡುವಣ ಹಾದಿ

ಸೇವಾಲಾಲರ ಬದುಕಿನ ಬಹುಭಾಗ ಯುದ್ಧಗಳ ಕಾಲದಲ್ಲಿ ಕಳೆಯಿತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡ. 1779ರಲ್ಲಿ ಚಿತ್ರದುರ್ಗ ಅವನ ಕೈಸೇರಿತು. ಸೈನ್ಯಗಳಿಗೆ ಆಹಾರ ಒದಗಿಸುವವರು ಬಂಜಾರರೇ ಆಗಿದ್ದುದರಿಂದ ಎಲ್ಲ ಪಕ್ಷಗಳಿಗೂ ಅವರು ಬೇಕಾಗಿದ್ದರು. 1791ರಲ್ಲಿ ಶ್ರೀರಂಗಪಟ್ಟಣದವರೆಗೆ ಬಂದ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ಧಾನ್ಯ ಮುಗಿದಾಗ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಮರುವರ್ಷದ ಕಾರ್ಯಾಚರಣೆಯಲ್ಲಿ ಬಂಜಾರರ ಪೂರೈಕೆ ಅವನ ನೆರವಿಗೆ ಬಂತು. 1799ರ ಯುದ್ಧದಲ್ಲೂ 1803ರ ಮರಾಠಾ ಯುದ್ಧದಲ್ಲೂ ಆರ್ಥರ್ ವೆಲ್ಲೆಸ್ಲಿ ಇವರನ್ನೇ ಅವಲಂಬಿಸಿದ್ದ.

ಸಾಮ್ರಾಜ್ಯಗಳ ಅಳಿವು ಉಳಿವು ಎತ್ತಿನ ಬೆನ್ನ ಮೇಲಿನ ಗೋಣಿಯನ್ನು ಅವಲಂಬಿಸಿತ್ತೆಂದರೆ ಅತಿಶಯವಾಗದು. ಆದರೆ ಆ ಗೋಣಿಯೇ ತನ್ನ ಮನೆಯಾಗಿದ್ದವನ ಪಾಡು ಯಾವ ಸೇನಾನಿಯ ಚಿಂತೆಯೂ ಆಗಿರಲಿಲ್ಲ. ಇಂತಹ ಕಾಲದಲ್ಲಿ ಸಮುದಾಯವನ್ನು ಒಂದು ಶ್ರದ್ಧೆ, ಒಂದು ನಡವಳಿಕೆಯಲ್ಲಿ ಹಿಡಿದಿಟ್ಟದ್ದು ಸೇವಾಲಾಲರ ಸಾಧನೆ.

ಅವರು 1806ರಲ್ಲಿ ಇಂದಿನ ಮಹಾರಾಷ್ಟ್ರದ ನೆಲದಲ್ಲಿ ದೇಹತ್ಯಾಗ ಮಾಡಿದರು. ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ ಅವರ ಸಮಾಧಿಯಿದೆ. ಜನನದ ನೆಲೆಯೊಂದು ರಾಜ್ಯದಲ್ಲಿ, ಸಮಾಧಿ ಮತ್ತೊಂದು ರಾಜ್ಯದಲ್ಲಿ. ನಡುವಣ ಅಂತರವೇ ಅವರ ಜೀವನ ಚರಿತ್ರೆ.

ಪಶ್ಚಿಮದಲ್ಲಿ ಗಾಲಿಯ ಮನೆ

ಸೇವಾಲಾಲರ ನಂತರ ಎಂಟು ದಶಕಗಳು ಕಳೆಯುವುದರೊಳಗೆ ಇಂಗ್ಲೆಂಡಿನಲ್ಲಿ ಚಲಿಸುವ ಮನೆ ವಿಲಾಸದ ವಸ್ತುವಾಗಿ ಅವತರಿಸಿತು. ನೌಕಾಪಡೆಯ ನಿವೃತ್ತ ವೈದ್ಯ ಹಾಗೂ ಲೇಖಕ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ ನಗರದ ಬೋಗಿ ತಯಾರಕರಿಂದ ಎರಡು ಕುದುರೆಗಳು ಎಳೆಯುವ ಬಂಡಿಯೊಂದನ್ನು ಮಾಡಿಸಿಕೊಂಡ. ವಾಂಡರರ್ ಎಂಬ ಹೆಸರಿನ ಅದಕ್ಕೆ ತಗುಲಿದ ವೆಚ್ಚ 300 ಪೌಂಡ್. ಒಳಗೆ ಮಹಾಗನಿ ಮರದ ಕೆಲಸ, ಹಾಸಿಗೆಯಾಗುವ ಸೋಫಾ, ಪುಸ್ತಕದ ಕಪಾಟು, ಹಿಂಬದಿಗೆ ಅಡುಗೆ ಕೋಣೆ. ಬಿಡುವಿನ ವಿಹಾರಕ್ಕೆಂದೇ ನಿರ್ಮಿಸಿದ ಮೊದಲ ಕಾರವಾನ್ ಎಂಬ ಕೀರ್ತಿ ಅದರದು.

1950ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ ತನ್ನ ವ್ಯಾನ್ ತಯಾರಿಕೆ ಆರಂಭಿಸಿದ ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆ ಅದರೊಳಗೆ ಕೂರಿಸಬಹುದಾದ ಮಡಚುವ ಹಾಸಿಗೆ, ಕಪಾಟುಗಳ ಜೋಡಣೆಯನ್ನು ಸಿದ್ಧಪಡಿಸಿತು. ಇಂದು ಅಂತಹ ಹಳೆಯ ವ್ಯಾನ್‌ಗಳನ್ನು ಅರಸುವವರು ಮೊದಲು ನೋಡುವುದು ಒಳಗಿನ ಜೋಡಣೆಯನ್ನು. ಹಗಲಿನ ಆಸನ ರಾತ್ರಿಯ ಹಾಸಿಗೆಯಾಗಲು ಎಷ್ಟು ಜಾಗ ಬೇಕು, ಚಾವಣಿ ಮೇಲೆದ್ದು ನಿಲ್ಲಲು ಅವಕಾಶವಿದೆಯೇ, ಒಲೆ ಬಾಗಿಲ ಬಳಿ ಇದೆಯೇ ಹಿಂಬದಿಗಿದೆಯೇ, ಮರದ ಕೆಲಸ ಮೂಲದ್ದೇ ಎಂಬುದನ್ನು ಪರೀಕ್ಷಿಸಿ, ತುಕ್ಕಿನ ಪ್ರಮಾಣ ಅಳೆದು ಬೆಲೆ ಕಟ್ಟುತ್ತಾರೆ. ಎರಡು ಭಾಗದ ಮುಂಗಾಜಿನ, 1967ಕ್ಕೂ ಮುಂಚಿನ ಮಾದರಿಗೆ ನಂತರದ ಮಾದರಿಗಿಂತ ಸಾಮಾನ್ಯವಾಗಿ ಹೆಚ್ಚು ಬೆಲೆ. ಒಂದೇ ವಸ್ತು ಎರಡು ಕೆಲಸಕ್ಕೆ ಒದಗಬೇಕೆಂಬ ಈ ವಿನ್ಯಾಸ ತತ್ವ ತಾಂಡಾದ ಗೋಣಿಗೆ ಹೊಸದೇನಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ. ವ್ಯಾನಿನ ಒಡೆಯನಿಗೆ ಮರಳಿ ಹೋಗಲು ಇನ್ನೊಂದು ಮನೆ ಇರುತ್ತದೆ. ಸೇವಾಲಾಲರ ಜನರಿಗೆ ಇದ್ದದ್ದು ಅದೊಂದೇ ಮನೆ.

ನಿಂತುಹೋದ ನಡಿಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟಗಳಿಗೆ ಬಂಡಿ ರಸ್ತೆಗಳು ಬಂದವು, ಬಳಿಕ ರೈಲು ಬಂತು. ಬೀರೂರಿನಿಂದ ಶಿವಮೊಗ್ಗದವರೆಗಿನ ರೈಲು ಮಾರ್ಗ 1899ರಲ್ಲಿ ತೆರೆಯಿತು. ದಿನಕ್ಕೆ ಹತ್ತು ಕಿಲೋಮೀಟರ್ ಸಾಗುವ ಎತ್ತು ಉಗಿಬಂಡಿಯ ಎದುರು ಸೋತಿತು. ಉಪ್ಪಿನ ಮೇಲೆ ಬ್ರಿಟಿಷರು ಹೇರಿದ ಹಿಡಿತ ವ್ಯಾಪಾರವನ್ನು ಕುಗ್ಗಿಸಿತು. ಹುಲ್ಲುಗಾವಲುಗಳು ಮೀಸಲು ಅರಣ್ಯಗಳಾದವು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿತನವನ್ನೇ ಸಂಶಯದಿಂದ ನೋಡಿತು. ಬಂಜಾರರ ಕೆಲವು ಗುಂಪುಗಳೂ ಅದರ ಕೈಗೆ ಸಿಲುಕಿದವು. ಸೈನ್ಯಗಳನ್ನು ಸಾಕಿದ ಜನರ ಮೇಲೆ ಕಳ್ಳರೆಂಬ ಹಣೆಪಟ್ಟಿ ಬಿತ್ತು. ಸ್ವತಂತ್ರ ಭಾರತದಲ್ಲಿ 1952ರಲ್ಲಿ ಆ ಕಾಯ್ದೆ ರದ್ದಾಯಿತು.

ಎತ್ತುಗಳನ್ನು ಮಾರಿ, ಊರಿನ ಹೊರವಲಯದಲ್ಲಿ, ಕಾಡಿನ ಅಂಚಿನಲ್ಲಿ ಬೀಡುಬಿಟ್ಟ ಬಿಡಾರಗಳು ಕ್ರಮೇಣ ಹಳ್ಳಿಗಳಾದವು. ಆದರೆ ಹೆಸರು ಬದಲಾಗಲಿಲ್ಲ, ಚಲಿಸುವ ತಂಡದ ಹೆಸರೇ ನಿಂತ ಊರಿಗೂ ಉಳಿಯಿತು. ತಾಂಡಾಗಳಲ್ಲಿ ಸೇವಾಲಾಲರ ಗುಡಿಯೂ ಮರಿಯಮ್ಮನ ಗುಡಿಯೂ ಅಕ್ಕಪಕ್ಕದಲ್ಲಿ ನಿಂತವು. ಬಿಳಿ ಬಾವುಟ ಸೇವಾಲಾಲರದು, ಕೆಂಪು ಬಾವುಟ ದೇವಿಯದು. 2009ರಲ್ಲಿ ರಾಜ್ಯ ಸರ್ಕಾರ ತಾಂಡಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಒಂದು ಕಾಲಕ್ಕೆ ಎತ್ತಿನ ಬೆನ್ನಿನಲ್ಲಿದ್ದ ಒಳಾಂಗಣ ಹೀಗೆ ಜಗತ್ತಿನ ಮುಂದೆ ಪ್ರದರ್ಶನಗೊಂಡಿತು.

ಆದರೆ ನೆಲದ ಪ್ರಶ್ನೆ ಬಹುಕಾಲ ಹಾಗೆಯೇ ಉಳಿದಿತ್ತು. ತಲೆಮಾರುಗಳಿಂದ ವಾಸವಿದ್ದರೂ ಅನೇಕ ತಾಂಡಾಗಳು ಕಂದಾಯ ದಾಖಲೆಗಳಲ್ಲಿ ಗ್ರಾಮಗಳೇ ಆಗಿರಲಿಲ್ಲ. ಮನೆ ಇದ್ದರೂ ಮನೆಯ ಕೆಳಗಿನ ನೆಲ ತಮ್ಮದೆಂದು ಹೇಳುವ ಪತ್ರವಿರಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ಎತ್ತಿನ ಬೆನ್ನಿನಿಂದ ಮನೆ ಕೆಳಗಿಳಿದು ತಲೆಮಾರುಗಳೇ ಕಳೆದ ಮೇಲೆ ಕೈಗೆ ಬಂದ ಕಾಗದವದು.

ಸೇವಾಲಾಲರು ಬಿಟ್ಟುಹೋದ ಆಸ್ತಿ ಎಂದರೆ ನೆನಪು ಮತ್ತು ನಡವಳಿಕೆಯ ಕಟ್ಟಳೆ ಮಾತ್ರ. ಎರಡಕ್ಕೂ ತೂಕವಿಲ್ಲ. ನಿತ್ಯವೂ ಮನೆ ಬಿಚ್ಚಿ ಕಟ್ಟುವ ಜನಕ್ಕೆ ಹೊರಲು ಸುಲಭವಾದದ್ದನ್ನೇ ಅವರು ಕೊಟ್ಟರು. ಎತ್ತು, ಗೋಣಿ, ಬಿಡಾರ, ದಾರಿ ಎಲ್ಲವೂ ಕೈತಪ್ಪಿದ ಬಳಿಕವೂ ಆ ಜನರ ಬಳಿ ಉಳಿದದ್ದು ಅವೆರಡೇ.